ಪರದೆಯ ಈಚೆ ಕೂತವರು

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು. ಜಮೀನಿನ ದಾಖಲೆಗಳನ್ನು ಗಣಕೀಕರಿಸುವ ‘ಭೂಮಿ’ ಯೋಜನೆ ನಾಡಿನುದ್ದಕ್ಕೂ ಹರಡಿದ್ದು ಆ ಕಾಲದಲ್ಲೇ. ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು, 177 ತಾಲ್ಲೂಕುಗಳಲ್ಲಿ ಪಹಣಿ ಕೊಡುವ ಕೇಂದ್ರಗಳು ತೆರೆದವು. ಹದಿನೈದು ರೂಪಾಯಿ ಕಟ್ಟಿದರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನ ಆಚೆ ನಿಂತ ರೈತನಿಗೂ ಕಾಣಲೆಂದು ಅವನತ್ತ ಮುಖ ಮಾಡಿದ ಇನ್ನೊಂದು ಪರದೆ ಇಟ್ಟಿದ್ದನ್ನು ದೇಶ ವಿದೇಶಗಳಲ್ಲಿ ಮೆಚ್ಚಿಕೊಂಡರು. ಮೆಚ್ಚಬೇಕಾದ ಏರ್ಪಾಟೇ ಅದು. ಆದರೆ ಪರದೆಯ ಈಚೆ ಕೂತು ದಿನವಿಡೀ ಸರ್ವೆ ನಂಬರು ಒತ್ತುತ್ತಿದ್ದವರ ಕತ್ತು, ಬೆನ್ನು, ಕಣ್ಣುಗಳ ಸುದ್ದಿ ಆ ಹೊಗಳಿಕೆಯ ನಡುವೆ ಅಷ್ಟಾಗಿ ಕೇಳಿಬರಲಿಲ್ಲ. ಕಂಪ್ಯೂಟರ್ ಮುಂದೆ ಕೂರುವವರು ತಮ್ಮ ಮೇಜು, ಕುರ್ಚಿ, ಪರದೆಗಳನ್ನು ತಾವೇ ಪರೀಕ್ಷಿಸಿ, ಎಲ್ಲಿ ತೊಂದರೆ ಎಂದು ಬರೆದುಕೊಡುವ ಒಂದು ಪದ್ಧತಿ ಆ ಹೊತ್ತಿಗೆ ಯುರೋಪಿನಲ್ಲಿ ಬಳಕೆಗೆ ಬಂದಾಗಿತ್ತು. ಅದು ನಮ್ಮ ಕಚೇರಿಗಳಲ್ಲಿ ಬೇರೂರದಿದ್ದುದಕ್ಕೆ ನೌಕರರ ಉದಾಸೀನ ಕಾರಣವಲ್ಲ. ಅವರು ಹೇಳಿದ್ದನ್ನು ಕೇಳಿ ಉತ್ತರ ಕೊಡುವ ಹೊಣೆಯನ್ನು ಕಾನೂನು ಯಾರ ಮೇಲೂ ಹೊರಿಸಲಿಲ್ಲ ಎಂಬುದೇ ಕಾರಣ ಎಂದು ನನ್ನ ವಾದ.

ಕೂತು ಬರೆಯುವ ಕೆಲಸ ಮೈಗೆ ನೋವು ತರುತ್ತದೆ ಎಂಬ ತಿಳಿವಳಿಕೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ ಕಸುಬುಗಳ ಕಾಯಿಲೆಗಳ ಬಗ್ಗೆ ಬರೆದ ಗ್ರಂಥದ 1713ರ ಆವೃತ್ತಿಯಲ್ಲಿ ಗುಮಾಸ್ತರ ನೋವಿಗೆ ಮೂರು ಕಾರಣ ಕೊಟ್ಟ: ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಲೇ ಇರುವುದು, ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಬಿಗಿತ. ಈ ಮೂರೂ ನಮ್ಮ ಕಂದಾಯ ಇಲಾಖೆಯ ಬರವಣಿಗೆಗೆ ಹೇಳಿ ಬರೆಸಿದಂತಿವೆ. ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು, ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ವಂಶಪಾರಂಪರ್ಯ ಕೊನೆಗೊಂಡಿತು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಶಾನುಭೋಗರಾಗಲಿ ಮೊದಲ ತಲೆಮಾರಿನ ಗ್ರಾಮಲೆಕ್ಕಿಗರಾಗಲಿ ಬರೆಯುವ ನಡುವೆ ಹೊಲಕ್ಕೆ ಹೋಗುತ್ತಿದ್ದರು, ಬೆಳೆ ನೋಡುತ್ತಿದ್ದರು, ಕಂದಾಯ ವಸೂಲಿಗೆ ಓಡಾಡುತ್ತಿದ್ದರು. ಕೌಂಟರಿನ ಕೆಲಸದಲ್ಲಿ ಈ ಓಡಾಟ ಕಳಚಿಬಿತ್ತು. ಸರದಿಯ ಸಾಲು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ.

ಕಾನೂನಿನ ಕಣ್ಣು ಮಾತ್ರ ಬೇರೆ ಕಡೆಗೆ ನೆಟ್ಟಿತ್ತು. 1948ರ ಕಾರ್ಖಾನೆ ಕಾಯಿದೆಗೆ 1987ರಲ್ಲಿ ತಿದ್ದುಪಡಿ ತಂದಾಗ, ಉತ್ಪಾದನೆ ನಡೆಯದ ಜಾಗದಲ್ಲಿ ಕಂಪ್ಯೂಟರ್ ಘಟಕ ಇದೆ ಎಂಬಷ್ಟರಿಂದಲೇ ಅದು ಕಾರ್ಖಾನೆ ಆಗುವುದಿಲ್ಲ ಎಂಬ ವಿವರಣೆ ಸೇರಿಸಿದರು. ಸೋಮನಹಳ್ಳಿಯ ಕೈಗಾರಿಕಾ ಪ್ರದೇಶದ ಯಂತ್ರಗಳ ಬಳಿಗೆ ಕಾರ್ಖಾನೆ ಇನ್‌ಸ್ಪೆಕ್ಟರು ಬರಬಹುದಾಗಿತ್ತು, ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕೊಠಡಿಗೆ ಅವರು ಕಾಲಿಡಬೇಕಾಗಿರಲಿಲ್ಲ. ಮೂರೇ ವರ್ಷಗಳಲ್ಲಿ, 1990ರಲ್ಲಿ, ಯುರೋಪಿಯನ್ ಸಮುದಾಯ ತದ್ವಿರುದ್ಧ ದಾರಿ ಹಿಡಿಯಿತು. ಪರದೆ ಮುಂದಿನ ಪ್ರತಿ ಜಾಗವನ್ನೂ ಪರೀಕ್ಷಿಸಿ ದೋಷ ಸರಿಪಡಿಸುವುದು ಮಾಲೀಕರ ಕರ್ತವ್ಯ ಎಂದು ನಿರ್ದೇಶನ ಹೊರಡಿಸಿತು. ಬ್ರಿಟನ್ನಿನ ನಿಯಮಗಳು 1993ರ ಜನವರಿ 1ರಿಂದ ಜಾರಿಯಾದವು. ಸಾವಿರಾರು ಮೇಜುಗಳಿರುವ ಕಚೇರಿಯಲ್ಲಿ ಒಬ್ಬ ತಜ್ಞ ಎಲ್ಲವನ್ನೂ ನೋಡಿ ಮುಗಿಸುವುದು ಕಷ್ಟ. ಆದ್ದರಿಂದ ನೌಕರರಿಗೆ ತರಬೇತಿ ಕೊಟ್ಟು ಅವರಿಂದಲೇ ಪಟ್ಟಿ ತುಂಬಿಸುವ ರೂಢಿ ಬೆಳೆಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿದೆಯೇ, ಪಾದ ನೆಲಕ್ಕೆ ತಾಗುತ್ತದೆಯೇ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತಿದೆಯೇ, ನಡುವೆ ಬಿಡುವು ಸಿಗುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಇಲ್ಲ ಎಂಬ ಉತ್ತರ ಬಂದ ಕಡೆಗೆ ತಿಳಿದವರು ಬಂದು ನೋಡಬೇಕು. ಪಟ್ಟಿ ತುಂಬುವುದು ಅರ್ಧ ಕೆಲಸ, ಬಂದು ನೋಡುವುದು ಇನ್ನರ್ಧ.

ದುಡಿಯುವವರ ಮಾತನ್ನು ಎಷ್ಟು ನಂಬುವುದು ಎಂದು ಕೇಳುವವರಿದ್ದಾರೆ. ಕಂಪ್ಯೂಟರ್ ಬಳಸಿದ ಅವಧಿಯನ್ನು ಜನ ಇದ್ದದ್ದಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತಾರೆಂದು ತಂತ್ರಾಂಶದ ದಾಖಲೆಯೊಂದಿಗೆ ಹೋಲಿಸಿ ನೋಡಿದ ಅಧ್ಯಯನಗಳು ಕಂಡುಕೊಂಡಿರುವುದು ನಿಜ. ಆದರೆ ಗಂಟೆ ಎಣಿಸಲು ಯಂತ್ರವಿದೆ, ಭುಜದ ಯಾವ ಭಾಗ ಸಂಜೆ ಹೊತ್ತಿಗೆ ಸೆಳೆಯುತ್ತದೆ ಎಂದು ಹೇಳಲು ಆ ಭುಜದವರನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಈ ಪಟ್ಟಿ ಮಾಲೀಕರ ಹೊಣೆಯನ್ನು ನೌಕರರ ಹೆಗಲಿಗೆ ಜಾರಿಸುತ್ತದೆ. ಎಲ್ಲ ಸರಿಯಿದೆ ಎಂದು ನೀವೇ ಸಹಿ ಮಾಡಿದ್ದೀರಲ್ಲ ಎಂದು ನಾಳೆ ಆ ಪಟ್ಟಿಯನ್ನೇ ಅವರ ಮುಂದೆ ಹಿಡಿಯಬಹುದು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ನಂತರ ಅಡುಗೆಮನೆಯ ಮೇಜು, ಮಂಚದ ಅಂಚುಗಳೇ ಕಚೇರಿಯಾದಾಗ ಈ ಅಪಾಯ ಇನ್ನೂ ಹೆಚ್ಚಿತು. ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಖಂಡಿಸುವುದು ಉತ್ತರದ ಹೊಣೆಯಿಲ್ಲದ ಪಟ್ಟಿಯನ್ನು, ನೌಕರರನ್ನು ಕೇಳುವ ಪದ್ಧತಿಯನ್ನಲ್ಲ.

ನಮ್ಮಲ್ಲಿ ಕೇಳದಿದ್ದಾಗ ಏನಾಯಿತು ಎಂಬುದಕ್ಕೆ ಸಾಕ್ಷಿ ಈಚಿನದೇ. ಈಗ ಗ್ರಾಮ ಆಡಳಿತಾಧಿಕಾರಿಗಳೆಂದು ಹೆಸರು ಬದಲಾದ ಅದೇ ಗ್ರಾಮಲೆಕ್ಕಿಗರು 2024ರ ಸೆಪ್ಟೆಂಬರ್ 26ರಿಂದ ರಾಜ್ಯದಾದ್ಯಂತ ಮುಷ್ಕರ ಹೂಡಿದರು, 2025ರ ಫೆಬ್ರುವರಿಯಲ್ಲಿ ಮತ್ತೆ ಬೀದಿಗಿಳಿದರು. ಒಂದರ ಮೇಲೊಂದು ಹೇರಿದ ಮೊಬೈಲ್ ಆ್ಯಪ್‌ಗಳ ಒತ್ತಡದ ಇಳಿಕೆ, ಕೂತು ಕೆಲಸ ಮಾಡಲು ಮೇಜು, ಕುರ್ಚಿ, ಕಂಪ್ಯೂಟರ್‌ನಂಥ ಮೂಲ ಸೌಕರ್ಯ ಅವರ ಬೇಡಿಕೆಗಳಲ್ಲಿದ್ದವು. ಆ ಬೇಡಿಕೆಪಟ್ಟಿಯನ್ನು ನೌಕರರೇ ಮಾಡಿಕೊಂಡ ಕೆಲಸದ ಜಾಗದ ಮೌಲ್ಯಮಾಪನ ಎಂದೇ ನಾನು ಓದುತ್ತೇನೆ. ನಮೂನೆಯೊಂದರಲ್ಲಿ ಗುರುತು ಹಾಕಿ ತಿಳಿಸಬಹುದಾಗಿದ್ದ ಸಂಗತಿಗೆ ಸಾವಿರಾರು ಜನ ಕೆಲಸ ನಿಲ್ಲಿಸಬೇಕಾಯಿತು, ಪಹಣಿ ತಿದ್ದುಪಡಿಗೆ ಬಂದ ರೈತರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಕೂಡ ಇವರ ಬಾಗಿಲಿಗೆ ಬರುವುದಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರದ ಕಚೇರಿಗಳಿಗೆ ಅದು ಅನ್ವಯಿಸದು, ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಮಾತ್ರ ಅನ್ವಯ. ಹಾಗಾಗಿ ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಕಂಪ್ಯೂಟರುಗಳ ಮುಂದೆ ಗುತ್ತಿಗೆಯ ಆಪರೇಟರೂ ಕಾಯಂ ನೌಕರರೂ ಕೂತಿದ್ದರೆ, ಕೇಳುವ ಹಕ್ಕು ಒಬ್ಬರಿಗೆ ಕಾಗದದ ಮೇಲಾದರೂ ಇದೆ, ಇನ್ನೊಬ್ಬರಿಗೆ ಅದೂ ಇಲ್ಲ. ರಾಜ್ಯ ಸರ್ಕಾರ ತನ್ನ ಕಂದಾಯ ಕಚೇರಿಗಳಿಗೆ ಕೆಲಸದ ಜಾಗದ ಈ ಪರೀಕ್ಷೆಯನ್ನು ಕಡ್ಡಾಯ ಮಾಡಲು ಹೊಸ ಕಾಯಿದೆಗೆ ಕಾಯಬೇಕಿಲ್ಲ, ಕಂದಾಯ ಇಲಾಖೆಯ ಒಂದು ಸುತ್ತೋಲೆ ಸಾಕು. ಅದರಲ್ಲಿ ನೌಕರರು ತುಂಬುವ ನಮೂನೆಯ ಜೊತೆಗೆ, ಅದಕ್ಕೆ ಯಾರು, ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬುದೂ ಇರಬೇಕು.