ಎಲೆಕ್ಟ್ರಾನಿನ ತೂಕ ಹೆಚ್ಚಿಸಿ ಹುಡುಕಿದ ನಿಜ

ಭೂಮಿಗೂ ಒಂದು ಬಾಲವಿದೆ. ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಗಾಳಿ ನಮ್ಮ ಕಾಂತಕ್ಷೇತ್ರವನ್ನು ಹಗಲಿನ ಕಡೆ ಅದುಮಿ, ಇರುಳಿನ ಕಡೆ ಲಕ್ಷಾಂತರ ಕಿಲೋಮೀಟರ್ ಉದ್ದಕ್ಕೆ ಎಳೆಯುತ್ತದೆ. ಬಾಲದ ಉತ್ತರಾರ್ಧದ ಕಾಂತರೇಖೆಗಳು ಭೂಮಿಯತ್ತ ಮುಖಮಾಡಿದರೆ, ದಕ್ಷಿಣಾರ್ಧದವು ಭೂಮಿಯಿಂದಾಚೆಗೆ. ಇವುಗಳ ನಡುವೆ ವಿದ್ಯುತ್ ಹರಿಯುವ ಹಾಳೆಯೊಂದಿದೆ. ಅದು ತೀರ ತೆಳುವಾದಾಗ ಎದುರುಬದುರಾದ ರೇಖೆಗಳು ಕಡಿದು ಹೊಸದಾಗಿ ಬೆಸೆದುಕೊಳ್ಳುತ್ತವೆ. ಇದೇ ಕಾಂತೀಯ ಮರುಜೋಡಣೆ. ಕೂಡಿಟ್ಟಿದ್ದ ಕಾಂತಶಕ್ತಿ ಆಗ ಕಣಗಳ ವೇಗವಾಗಿ ಮಾರ್ಪಡುತ್ತದೆ; ಧ್ರುವಪ್ರದೇಶದ ಆಕಾಶ ಬೆಳಗುತ್ತದೆ.

ಭೂಮಿಯ ಸುತ್ತ ಹೀಗಾಗುತ್ತದೆಂದು ಬ್ರಿಟನ್ನಿನ ಜೇಮ್ಸ್ ಡಂಜಿ 1961ರಲ್ಲೇ ಬರೆದರು. ಆದರೆ ಲೆಕ್ಕ ಕೂಡಿಬರಲಿಲ್ಲ. ಪೀಟರ್ ಸ್ವೀಟ್ ಮತ್ತು ಯೂಜಿನ್ ಪಾರ್ಕರ್ 1950ರ ದಶಕದಲ್ಲಿ ಕೊಟ್ಟ ಸೂತ್ರದಂತೆ ಮರುಜೋಡಣೆ ಬಹಳ ನಿಧಾನ. ಸೂರ್ಯನ ಮೇಲೆ ನಿಮಿಷಗಳಲ್ಲಿ ಮುಗಿಯುವ ಸ್ಫೋಟಕ್ಕೆ ಅದರ ಪ್ರಕಾರ ತಿಂಗಳುಗಳೇ ಬೇಕು. 1964ರಲ್ಲಿ ಹ್ಯಾರಿ ಪೆಟ್ಷೆಕ್ ವೇಗದ ದಾರಿಯೊಂದನ್ನು ಸೂಚಿಸಿದರು. ಪ್ಲಾಸ್ಮಾದ ವಿದ್ಯುತ್ ರೋಧ ಎಲ್ಲೆಡೆ ಒಂದೇ ಸಮ ಇದ್ದರೆ ಆ ದಾರಿ ತೆರೆಯುವುದಿಲ್ಲವೆಂದು 1986ರಲ್ಲಿ ಡೀಟರ್ ಬಿಸ್ಕಾಂಪ್ ಅವರ ಗಣಕಲೆಕ್ಕ ತೋರಿಸಿತು.

ಗಂಟು ಸಡಿಲಿಸಿದ್ದು 2001ರಲ್ಲಿ ಪ್ರಕಟವಾದ 'ಜೆಮ್' ಸವಾಲು. ಬೇರೆ ಬೇರೆ ತಂಡಗಳು ಒಂದೇ ವಿದ್ಯುತ್ ಹಾಳೆಯಿಂದ ಹೊರಟು, ತಮ್ಮ ತಮ್ಮ ಪ್ರೋಗ್ರಾಮುಗಳಲ್ಲಿ ಅದರ ಗತಿಯನ್ನು ಲೆಕ್ಕಹಾಕಿದವು. ಕೆಲವು ಪ್ಲಾಸ್ಮಾವನ್ನು ದ್ರವವೆಂದು ಬಗೆದವು, ಕೆಲವು ಕಣಕಣವನ್ನೂ ಹಿಂಬಾಲಿಸಿದವು. ಕಣಗಳ ಲೆಕ್ಕದಲ್ಲಿ ಬೇಕೆಂದೇ ಒಂದು ಸುಳ್ಳಿತ್ತು. ನಿಜದಲ್ಲಿ ಪ್ರೋಟಾನು ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ. ಅಲ್ಲಿ ಬರೀ 25 ಪಟ್ಟು. ಹಗುರ ಎಲೆಕ್ಟ್ರಾನಿನ ಚುರುಕು ಓಟವನ್ನು ಹಿಂಬಾಲಿಸುವಷ್ಟು ಶಕ್ತಿ ಅಂದಿನ ಗಣಕಗಳಿಗಿರಲಿಲ್ಲ.

ಆದರೂ ಫಲಿತಾಂಶ ಸ್ಪಷ್ಟವಾಗಿತ್ತು. ಸಾದಾ ದ್ರವದ ಲೆಕ್ಕ ಮಾತ್ರ ಹಿಂದುಳಿಯಿತು. ಭಾರವಾದ ಅಯಾನುಗಳು ಕಾಂತರೇಖೆಯ ಹಿಡಿತದಿಂದ ಮೊದಲು ಜಾರಿ, ಎಲೆಕ್ಟ್ರಾನುಗಳು ಇನ್ನೂ ಅಂಟಿಕೊಂಡಿರುವ 'ಹಾಲ್ ಪರಿಣಾಮ'ವನ್ನು ಸೇರಿಸಿಕೊಂಡ ಲೆಕ್ಕಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗ ಕೊಟ್ಟವು. ಇಷ್ಟು ಭಿನ್ನ ವಿಧಾನಗಳು ಒಂದೇ ಉತ್ತರಕ್ಕೆ ಬಂದಾಗ, ಎಲೆಕ್ಟ್ರಾನಿನ ತೂಕ ಆ ವೇಗವನ್ನು ಅಷ್ಟಾಗಿ ಬದಲಿಸದೆಂಬ ನಂಬಿಕೆ ಬಂತು.

ಗಣಕಗಳು ಪರಸ್ಪರ ಒಪ್ಪಿದ ಮಾತ್ರಕ್ಕೆ ಪ್ರಕೃತಿ ಒಪ್ಪಬೇಕಿಲ್ಲ. 2017ರ ಜುಲೈ 11ರಂದು ನಾಸಾದ 'ಎಂಎಂಎಸ್' ಯೋಜನೆಯ 4 ನೌಕೆಗಳು ಬಾಲದೊಳಗೆ ಮರುಜೋಡಣೆಯ ನಡುನೆಲೆಯನ್ನೇ ಹಾದುಹೋದವು. ಆ ನೆಲೆಯ ಅಗಲ ಅದರ ಉದ್ದದ 0.1ರಿಂದ 0.2ರಷ್ಟಿತ್ತು. ವೇಗದ ಮರುಜೋಡಣೆಗೆ ಹೊಂದುವ ಅಳತೆ ಅದು. ಎಲ್ಲಿ ಸುಳ್ಳು ಹೇಳಿದ್ದೇವೆಂದು ಬರೆದಿಟ್ಟುಕೊಂಡೇ ಮಾಡಿದ ಲೆಕ್ಕವನ್ನು ಹದಿನಾರು ವರ್ಷಗಳ ಬಳಿಕ ಆಕಾಶದಲ್ಲೇ ಹೀಗೆ ಒರೆಗೆ ಹಚ್ಚಲಾಯಿತು.