ಅಕ್ಕನೇ ಗುರು

ಕ್ರೈಸ್ತ ಸನ್ಯಾಸದ ಚರಿತ್ರೆ ಓದಹೊರಟರೆ ಮೊದಲು ಎದುರಾಗುವುದು ಮರುಭೂಮಿ. ಈಜಿಪ್ಟಿನ ಸಂತ ಅಂತೋಣಿಯಂಥವರು ಮನೆಮಠ ತೊರೆದು ಅಲ್ಲಿಗೆ ಹೋದವರು. ಅದೇ ನಾಲ್ಕನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಮಾತ್ರ ಮನೆಯನ್ನೇ ಮಠ ಮಾಡಿಕೊಂಡಳು. ಅವಳು ಸಂತ ಮ್ಯಾಕ್ರಿನಾ.

ಇಂದಿನ ಟರ್ಕಿಯಲ್ಲಿರುವ ಕಪ್ಪಡೋಕಿಯ ಪ್ರಾಂತದ ಸಿರಿವಂತ ಮನೆತನ ಅವಳದು. ಸುಮಾರು 327ರಲ್ಲಿ ಹುಟ್ಟಿದಳು. ಮನೆಗೆ ಹಿರಿಯ ಮಗಳು, ಅವಳ ಬೆನ್ನಿಗೆ ತಮ್ಮ ತಂಗಿಯರ ದೊಡ್ಡ ಸಾಲು. 12 ವರ್ಷದ ಹೊತ್ತಿಗೆ ತಂದೆ ಗಂಡು ಗೊತ್ತುಮಾಡಿದರು. ಮದುವೆಗೆ ಮೊದಲೇ ಆ ಹುಡುಗ ತೀರಿಕೊಂಡ. ಇನ್ನೊಂದು ಸಂಬಂಧದ ಮಾತು ಬಂದಾಗ ಹುಡುಗಿ ಒಪ್ಪಲಿಲ್ಲ. ಅವನು ದೇವರ ಬಳಿ ಬದುಕಿಯೇ ಇದ್ದಾನೆ, ದೂರದೂರಿಗೆ ಹೋದವನಿಗೆ ಮಾತು ತಪ್ಪಬಹುದೇ ಎಂದು ವಾದಿಸಿದಳು. ನಮಗೆ ತಟ್ಟನೆ ಬಾಲವಿಧವೆಯರ ನೆನಪಾಗುತ್ತದೆ. ಆದರೆ ಇಲ್ಲಿ ಮದುವೆಯಾಗು ಎಂದವರು ಹಿರಿಯರು, ಬೇಡವೆಂದವಳು ಅವಳು.

ತಂದೆ ಹೋದಮೇಲೆ ತಾಯಿ ಎಮ್ಮೇಲಿಯಾಳಿಗೆ ಅವಳೇ ಆಸರೆ. ಆಳುಕಾಳುಗಳಿದ್ದ ಮನೆಯಲ್ಲಿ ತಾನೇ ರೊಟ್ಟಿ ಬೇಯಿಸಿ ತಾಯಿಗೆ ಬಡಿಸಿದಳು. ಆಮೇಲೆ ತಾಯಿಯನ್ನೂ ಒಲಿಸಿಕೊಂಡು, ಐರಿಸ್ ನದಿಯ ಸಮೀಪದ ಅನ್ನಿಸಾ ಎಂಬಲ್ಲಿನ ತಮ್ಮ ಮನೆಯ ರೀತಿಯನ್ನೇ ಬದಲಿಸಿದಳು. ಒಡತಿಗೂ ದಾಸಿಯರಿಗೂ ಒಂದೇ ಪಂಕ್ತಿ, ಒಂದೇ ಊಟ, ಒಂದೇ ಬಗೆಯ ಹಾಸಿಗೆ. ಗುಲಾಮರನ್ನು ಕೊಂಡು ಮಾರುತ್ತಿದ್ದ ಕಾಲ ಅದು! ಕೆಲಸದವಳ ಲೋಟವನ್ನು ಬೇರೆ ಇಡುವ ಮನೆಗಳನ್ನು ಬಲ್ಲ ನಮಗೆ ಇದೆಷ್ಟು ದೊಡ್ಡ ಮಾತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಕ್ಷಾಮದಲ್ಲಿ ದಾರಿಬದಿಗೆ ಬಿದ್ದಿದ್ದ ಹೆಣ್ಣುಮಕ್ಕಳನ್ನೂ ಕರೆತಂದು ಸಾಕಿದಳು.

ಅಥೆನ್ಸಿನಲ್ಲಿ ಓದಿ, ವಿದ್ಯೆಯ ಬಿಂಕ ಹೊತ್ತು ಬಂದ ತಮ್ಮ ಬೆಸಿಲನನ್ನು ಸರಳ ಬಾಳಿಗೆ ತಿರುಗಿಸಿದವಳೂ ಅವಳೇ. ಕಿರಿಯವ ಪೀಟರನಿಗಂತೂ ತಂದೆ, ತಾಯಿ, ಗುರು ಎಲ್ಲವೂ ಅಕ್ಕನೇ. ಇನ್ನೊಬ್ಬ ತಮ್ಮ ಗ್ರೆಗರಿ ನಿಸ್ಸಾ ಊರಿನ ಬಿಷಪ್ ಆದ. ಬೆಸಿಲ್ ತೀರಿದ ದುಃಖದಲ್ಲಿ, ಸುಮಾರು 379ರಲ್ಲಿ, ಅಕ್ಕನನ್ನು ಕಾಣಲು ಬಂದಾಗ ಅವಳು ಜ್ವರದಿಂದ ನೆಲದ ಹಲಗೆಯ ಮೇಲೆ ಮಲಗಿದ್ದಳು. ಉಸಿರಿಗೆ ಕಷ್ಟಪಡುತ್ತಲೇ ಸಾವು, ಆತ್ಮಗಳ ವಿಷಯ ಮಾತಾಡಿ ತಮ್ಮನನ್ನು ಸಂತೈಸಿದಳು. ಮರುದಿನ ಸಂಜೆ ದೀಪ ಹಚ್ಚುವ ವೇಳೆಗೆ ಕಣ್ಣುಮುಚ್ಚಿದಳು. ಶವಕ್ಕೆ ತೊಡಿಸಲು ಒಳ್ಳೆಯ ಬಟ್ಟೆ ಹುಡುಕಿದರೆ ಏನೂ ಸಿಗಲಿಲ್ಲ. ಅಷ್ಟು ಆಸ್ತಿವಂತರ ಮಗಳಿಗೆ ಕೊನೆಗೆ ತಾಯಿಯ ಕಪ್ಪು ಮೇಲುಹೊದಿಕೆಯನ್ನು ಹೊದಿಸಿದರು.

ಅವಳು ಬರೆದ ಒಂದು ಸಾಲೂ ಉಳಿದಿಲ್ಲ. ಗ್ರೆಗರಿ ಅವಳ ಚರಿತ್ರೆ ಬರೆದ. ಆತ್ಮದ ಬಗೆಗಿನ ಇನ್ನೊಂದು ಕೃತಿಯಲ್ಲಿ ಅವಳನ್ನು ಗುರು ಎಂದೇ ಕರೆದ. ಅದರಿಂದಲೇ ನಾವು ಅವಳನ್ನು ಬಲ್ಲೆವು. ಕಥೋಲಿಕರೂ ಆರ್ಥೊಡಾಕ್ಸ್ ಕ್ರೈಸ್ತರೂ ಜುಲೈ 19ರಂದು ಅವಳನ್ನು ನೆನೆಯುತ್ತಾರೆ.

ಪೂರ್ವದೇಶಗಳ ಮಠಗಳಲ್ಲಿ ಇಂದಿಗೂ ಬೆಸಿಲನ ನಿಯಮಗಳನ್ನು ಓದುತ್ತಾರೆ. ಅವುಗಳಿಗೆ ಅವನ ಹೆಸರಿದೆ. ಅವನು ಬರೆಯಲು ಕೂರುವ ಮೊದಲೇ ಅಕ್ಕನ ಮನೆಯಲ್ಲಿ ಒಡತಿಯೂ ದಾಸಿಯೂ ಒಟ್ಟಿಗೆ ಉಣ್ಣುತ್ತಿದ್ದರು.