ಓಲಗ ವಾಲಗವಾದ ಬಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಮದುವೆ ಗೊತ್ತಾದರೆ ಛತ್ರದ ಮಾತಿನ ಬೆನ್ನಿಗೇ ಬರುವ ಪ್ರಶ್ನೆ, ‘ವಾಲಗಕ್ಕೆ ಯಾರಿಗೆ ಹೇಳಿದ್ದೀರಿ?’ ವಾಲಗವೆಂದರೆ ನಾಗಸ್ವರ, ಡೋಲು, ಶ್ರುತಿ. ಮುಹೂರ್ತದ ಗಟ್ಟಿಮೇಳ ಅವರದೇ.

ಹಳಗನ್ನಡದ ಓಲಗಕ್ಕೆ ಊದುವುದರ, ಬಡಿಯುವುದರ ಹಂಗಿರಲಿಲ್ಲ. ಓಲಗವೆಂದರೆ ಸೇವೆ, ಊಳಿಗ. ಸೇವೆ ಸ್ವೀಕರಿಸುತ್ತ ದೊರೆ ಕೂರುವ ಸಭೆಯೂ ಓಲಗವೇ. ಓಲಗಿಸು ಎಂದರೆ ಸೇವೆ ಮಾಡು. ಚುನಾವಣೆ ಬಂದಾಗ ಪತ್ರಿಕೆಗಳಲ್ಲಿ ಕಾಣುವ ‘ಓಲೈಕೆ’ ಇದೇ ಕುಲದ್ದು. ತಮಿಳಿನ ಓಲಕ್ಕಂ ಅರಸನ ಸಭೆಯಾಗಿಯೇ ಉಳಿಯಿತು.

ಓಲೆ ವಾಲೆಯಾದಂತೆ, ಓರೆ ವಾರೆಯಾದಂತೆ ಓಲಗ ವಾಲಗವಾಯಿತು. ನಾಲಿಗೆಗೆ ಅದು ಸಲೀಸು. ಅರ್ಥ ಹೊರಳಿದ್ದು ಹೇಗೆ? ಉತ್ತರ ಯಕ್ಷಗಾನದಲ್ಲಿದೆ ಎಂದು ನನಗೆ ತೋರುತ್ತದೆ. ರಾಜವೇಷ ಪರಿವಾರದೊಡನೆ ಚೆಂಡೆ ಮದ್ದಳೆಯ ಅಬ್ಬರದಲ್ಲಿ ರಂಗಕ್ಕೆ ಬರುವುದಕ್ಕೆ ಅಲ್ಲಿ ಒಡ್ಡೋಲಗವೆಂದೇ ಹೆಸರು. ವಾದ್ಯ ಮೊಳಗದೆ ಸಭೆ ನೆರೆಯದು. ದೇವರೂ ದೊರೆಯೇ ಆದ್ದರಿಂದ ಗುಡಿಯ ಮುಂದೆ ನುಡಿಸುವುದೂ ಸೇವೆ. ಸಭೆಗಳು ಕರಗಿದವು, ಹೆಸರು ವಾದ್ಯಕ್ಕೆ ಅಂಟಿಕೊಂಡಿತು.

ಸೇವೆಯೆಂದ ಮೇಲೆ ಪ್ರತಿಫಲವುಂಟು. ಗುಡಿಯ ವಾದ್ಯದವರು ಇನಾಂ ಭೂಮಿ ಉಂಡು ಬದುಕಿದರು. ಮೈಸೂರು ಅರಮನೆ ಕರ್ನಾಟಕ ವಾದ್ಯವೃಂದವನ್ನೂ ಇಂಗ್ಲಿಷ್ ಬ್ಯಾಂಡನ್ನೂ ಸಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೋ ಸ್ಮಿತ್ ಬ್ಯಾಂಡಿನ ನಿರ್ದೇಶಕರಾಗಿದ್ದರು. ಸ್ವಾತಂತ್ರ್ಯಾನಂತರ ಆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು, ಸರ್ಕಾರದ ಸಂಬಳದಲ್ಲಿ ಇಂದಿಗೂ ದಸರೆಯಲ್ಲಿ ನುಡಿಸುತ್ತದೆ. ಹಳ್ಳಿಯ ವಾಲಗಕ್ಕೆ ಆ ಭಾಗ್ಯವಿಲ್ಲ. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯ ಮೇಲೆ ಭೂಮಿಗೂ ಸೇವೆಗೂ ಇದ್ದ ಕೊಂಡಿ ಕಳಚಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಊದುವವನ ಅನ್ನಕ್ಕೆ ಬದಲಿ ದಾರಿ ಮಾಡದೆ ಬಿಟ್ಟದ್ದು ನ್ಯಾಯವಲ್ಲ. ಸವಿತಾ ಸಮಾಜದ, ಕೊರಮ ಸಮುದಾಯದ ಎಷ್ಟೋ ಮನೆಗಳ ವಿದ್ಯೆ ಮದುವೆ ಹಂಗಾಮಿಗೆ ಜೋತುಬಿತ್ತು.

ಪೊಲೀಸ್ ಬ್ಯಾಂಡಿಗೆ, ಸೇನೆಯ ಬ್ಯಾಂಡಿಗೆ ಬೊಕ್ಕಸದ ಹಣ ದಂಡವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಬ್ಯಾಂಡು ನುಡಿಸುವಾಗ ಕವಾಯತಿನ ಹೆಜ್ಜೆಗೆ ಬರುವ ಗತ್ತು ಧ್ವನಿವರ್ಧಕದಿಂದ ಬಾರದು. ಅದು ಸೇವೆ, ಕೂಲಿ ಸಲ್ಲಲೇಬೇಕು. ಘಾಟಿ ಸುಬ್ರಹ್ಮಣ್ಯದ ತೇರಿನ ಮುಂದೆ ಬಿಸಿಲಲ್ಲಿ ನಿಂತು ನಾಗಸ್ವರ ಊದುವುದೂ ಅಷ್ಟೇ ಸೇವೆ. ಬೆಂಗಳೂರು ಗ್ರಾಮಾಂತರ ಜಿಲ್ಲಾಡಳಿತ ಆಗಸ್ಟ್ 15ರ ಮೈದಾನಕ್ಕೆ ಬ್ಯಾಂಡಿನ ಜೊತೆ ತಾಲ್ಲೂಕಿನ ವಾಲಗದವರನ್ನೂ ಕರೆಯಲಿ, ಅವರ ಸಂಭಾವನೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಲಿ.